ಕಾಣುವುದಿಲ್ಲ ಎಂದವರಿಗೆ ಏನೆಂದು ಹೇಳುವುದು?

ಪತ್ರ: ಬಾಡಿಗೆ ಮನೆಗಳ ಕುರಿತು ನೀವು ಪ್ರಕಟಿಸಿದ ಲೇಖನ ಜಾತಿಯನ್ನು ಸುಮ್ಮನೆ ಕೆದಕಿದೆ. ನನಗೆ ಜಾತಿ ಕಾಣುವುದೇ ಇಲ್ಲ. ನಮ್ಮ ಮಹಡಿ ಮನೆಗೆ ಬಂದವರ ಜಾತಿಯನ್ನು ಎಂದೂ ಕೇಳಿಲ್ಲ. ಅಮೆರಿಕದ ಸಂವಿಧಾನಕ್ಕೂ ಬಣ್ಣ ಕಾಣುವುದಿಲ್ಲ ಎಂದು ಅಲ್ಲಿರುವ ನನ್ನ ಮಗ ಹೇಳುತ್ತಾನೆ.
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟರೇ, ನಿಮ್ಮ ಮಾತಿನಲ್ಲಿ ಕಪಟವಿಲ್ಲ. ಅದೇ ಮಾತನ್ನು ನಾನೂ ಆಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಸೇರಿದ ಹುಡುಗನೊಬ್ಬನಿಗೆ ಮೊದಲ ದಿನವೇ 'ಇಲ್ಲಿ ಯಾರೂ ಜಾತಿ ನೋಡುವುದಿಲ್ಲಪ್ಪ' ಎಂದು ಬೆನ್ನು ತಟ್ಟಿದ್ದೆ. ಆಗ ಅವನು ಊರೆಲ್ಲ ಮನೆ ಹುಡುಕುತ್ತಿದ್ದ. ಒಂದು ಕಡೆ ಮುಂಗಡದ ಮಾತೂ ಮುಗಿದಿತ್ತು. ಹೊರಡುವಾಗ ಯಜಮಾನರು 'ನಿಮ್ಮ ಮನೆದೇವರು ಯಾವುದು?' ಎಂದು ಕೇಳಿದರು. ಮರುದಿನ 'ತಂಗಿಯ ಮಗ ಬರುತ್ತಾನೆ' ಎಂದರು. ತಿಂಗಳು ಕಳೆದರೂ ತಂಗಿಯ ಮಗ ಬರಲಿಲ್ಲ, ಬಾಡಿಗೆಯ ಫಲಕವೂ ಗೇಟಿನಿಂದ ಇಳಿಯಲಿಲ್ಲ.

ಇದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ, ಬೆಣ್ಣೆ ದೋಸೆಯ ಮುಂದೆ ಕುಳಿತಾಗ. ಆಗಲೇ ಏಕೆ ಹೇಳಲಿಲ್ಲ ಎಂದೆ. 'ಜಾತಿಯೇ ಕಾಣುವುದಿಲ್ಲ ಎನ್ನುವವರಿಗೆ ಏನೆಂದು ಹೇಳಲಿ ಸಾರ್? ನಾನೇ ಜಾತಿ ಎತ್ತಿದ ಹಾಗಾಗುತ್ತಿತ್ತು' ಎಂದ. ನನಗೆ ದೋಸೆ ಇಳಿಯಲಿಲ್ಲ. ನನ್ನ ದೊಡ್ಡ ಮಾತಿನಿಂದ ಜಾತಿ ಎಲ್ಲಿಗೂ ಹೋಗಿರಲಿಲ್ಲ. ದೂರು ನನ್ನವರೆಗೆ ಬರುವುದಷ್ಟೇ ನಿಂತಿತ್ತು. ನನ್ನ ಮನೆದೇವರನ್ನು ವಿಚಾರಿಸಿ ಯಾರೂ ಮನೆ ಇಲ್ಲವೆಂದಿಲ್ಲ. ಕಾಣದಿರುವುದು ನನಗೆ ಖರ್ಚಿಲ್ಲದ ಕೆಲಸ.

ಇನ್ನು ಕೆದಕಿದ ಮಾತು. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದರನ್ನೇ, ದಲಿತರೆಂಬ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರೊಳಗೆ ಬಿಡಲಿಲ್ಲ. ಆ ಹಟ್ಟಿ ಅವರದೇ ಕ್ಷೇತ್ರದ್ದು. (ತಡೆದವರೂ ಉಳ್ಳವರೇನಲ್ಲ; ಅದನ್ನು ಬೇರೆಯಾಗಿಯೇ ಬರೆಯಬೇಕು.) ಅದನ್ನು ಪತ್ರಿಕೆಯವರು ಕೆದಕಿ ತಂದದ್ದೇ?

ನಿಮ್ಮ ಮಗ ಹೇಳಿದ ಮಾತು ನ್ಯಾಯಮೂರ್ತಿ ಹಾರ್ಲನ್ ಅವರದು. 1896ರಲ್ಲಿ, ಕರಿಯರಿಗೆ ಬೇರೆ ರೈಲು ಬೋಗಿ ಇಟ್ಟರೆ ತಪ್ಪಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ಒಪ್ಪದೆ ನಿಂತವರು ಅವರೊಬ್ಬರೇ. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಆದರೆ ಅದೇ ಭಿನ್ನ ತೀರ್ಪಿನಲ್ಲಿ, ಆ ಮಾತಿಗೆ ತುಸು ಮೊದಲು, ವಿದ್ಯೆ, ಸಂಪತ್ತು, ಅಧಿಕಾರಗಳಲ್ಲಿ ಬಿಳಿಯರದೇ ಮೇಲುಗೈ, ಮುಂದೆಯೂ ಹಾಗೆಯೇ ಇದ್ದೀತು ಎಂದೂ ಅವರೇ ಬರೆದಿದ್ದಾರೆ. ಮಗನಿಗೆ ಅದನ್ನೂ ಓದಲು ಹೇಳಿ. ನಮ್ಮವರಂತೂ, ಜಾತಿಯ ಆಧಾರದಲ್ಲಿ ತಾರತಮ್ಯ ಸಲ್ಲದು ಎನ್ನುವ 15ನೇ ವಿಧಿಗೇ 1951ರಲ್ಲಿ ಹಿಂದುಳಿದವರ ಏಳಿಗೆಯ ವಿಶೇಷ ಅವಕಾಶವನ್ನು ಸೇರಿಸಿದರು.

ಮಹಡಿ ಮನೆಗೆ ಬಂದವರ ಜಾತಿ ಕೇಳಿಲ್ಲ ಎಂದಿದ್ದೀರಿ, ನಂಬುತ್ತೇನೆ. ಇದುವರೆಗೆ ಅಲ್ಲಿ ಇದ್ದು ಹೋದವರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನನಗೆ ಬರೆಯುವುದು ಬೇಡ. ನಮ್ಮ ಕಚೇರಿಯ ಹಾಜರಿ ಪುಸ್ತಕಗಳನ್ನು ನಾನು ಹಾಗೆ ತಿರುವಿ ಹಾಕಿದೆ. ಆ ಹುಡುಗನಿಗಿಂತ ಹಿಂದೆಯೂ ಅವನ ಕೇರಿಯ ಹೆಸರೊಂದು ಸಿಗಲಿಲ್ಲ, ಅವನು ಬಿಟ್ಟು ಹೋದ ಮೇಲೆಯೂ.