ಒಂಬತ್ತು ಕ್ಯಾರೆಟ್ ಚೈನು ಉಳಿತಾಯ ಆಗುತ್ತಾ?

ನನ್ನ ಹತ್ತಿರ ಸಲಹೆ ಕೇಳಲು ಬಂದವರೊಬ್ಬರು ಉಡುಪಿ ಹತ್ತಿರದವರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಗಂಡ ಗಲ್ಫ್‌ನಲ್ಲಿ, ಮಗಳು ಹೈಸ್ಕೂಲಿನಲ್ಲಿ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಹೊಲಿಗೆಯ ದುಡ್ಡು ಒಂದಷ್ಟು ಸೇರಿತ್ತು. ಅಂಗಡಿಯಲ್ಲಿ ಒಂಬತ್ತು ಕ್ಯಾರೆಟ್‌ನ ಒಂದು ಪವನ್ (8 ಗ್ರಾಂ) ಚೈನು ನೋಡಿ ಬಂದಿದ್ದರು.

"ಈಗಿನ ರೇಟಿಗೆ 22 ಕ್ಯಾರೆಟ್ ನಮಗೆಲ್ಲಿ ಆಗ್ತದೆ? ಇದಾದ್ರೆ ಒಂದು ಪವನ್ ಬರ್ತದೆ, ಹಾಲ್‌ಮಾರ್ಕೂ ಉಂಟು. ಉಳಿತಾಯ ಅಂತ ತಗೊಳ್ಳಬಹುದಾ?"

ಅತ್ತೆ "ಅದು ಚಿನ್ನವೇ ಅಲ್ಲ" ಅಂದಿದ್ದರಂತೆ. ಗಂಡ ಫೋನಿನಲ್ಲಿ ರೇಗಿದ್ದರಂತೆ. ಮನೆಯಲ್ಲಿ ಒಂದು ವಾರದಿಂದ ಇದೇ ಮಾತು.

ಅತ್ತೆಯ ಮಾತು ಸರಿಯಲ್ಲ, ಅದನ್ನು ಮೊದಲೇ ಹೇಳಿದೆ. ಒಂಬತ್ತು ಕ್ಯಾರೆಟ್‌ನಲ್ಲಿ ಶೇ. 37.5 ಅಪ್ಪಟ ಚಿನ್ನ ಇರುತ್ತದೆ, ಉಳಿದದ್ದು ತಾಮ್ರ, ಬೆಳ್ಳಿ, ಸತುವಿನಂಥ ಲೋಹ. 2025ರ ಜುಲೈಯಿಂದ ಅದಕ್ಕೂ ಹಾಲ್‌ಮಾರ್ಕ್ ಕಡ್ಡಾಯ. ಮೋಸ ಏನಿಲ್ಲ. ಆದರೆ ಹಾಲ್‌ಮಾರ್ಕ್ ಇದೆ ಅಂದರೆ ಒಳಗೆ ಎಷ್ಟು ಚಿನ್ನ ಇದೆ ಅಂತ ಗೊತ್ತಾಗುತ್ತದೆ ಅಷ್ಟೇ, ಅದು ಲಾಭದ ಗ್ಯಾರಂಟಿ ಅಲ್ಲ.

ಆಮೇಲೆ ಹಾಳೆ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ಸುಲಭ ಆಗಲಿ ಅಂತ ಅಪ್ಪಟ ಚಿನ್ನ ಗ್ರಾಂಗೆ 10,000 ರೂಪಾಯಿ, ಮಜೂರಿ, ಅಂದರೆ ಒಡವೆ ಮಾಡುವ ಕೂಲಿ, ಗ್ರಾಂಗೆ 800 ಅಂತ ಇಟ್ಟುಕೊಂಡೆವು. ಚೈನು 8 ಗ್ರಾಂ. ಅದರೊಳಗೆ ಅಪ್ಪಟ ಚಿನ್ನ 3 ಗ್ರಾಂ, ಬೆಲೆ 30,000. ಆದರೆ ಮಜೂರಿ ಹಾಕುವುದು 3 ಗ್ರಾಂಗೆ ಅಲ್ಲ, ಪೂರಾ 8 ಗ್ರಾಂಗೆ: 6,400. ಮೇಲೆ ಶೇ. 3 ಜಿಎಸ್‌ಟಿ. ಬಿಲ್ಲು 37,492 ಆಯಿತು. ಅಕ್ಕ ಪೆನ್ನು ಕೆಳಗಿಟ್ಟು ಆ ಅಂಕಿಯನ್ನೇ ನೋಡುತ್ತಾ ಕೂತರು. ಚಿನ್ನದ ರೇಟು ಕಾಲು ಭಾಗ ಏರಿದ ಮೇಲಷ್ಟೇ ಕೊಟ್ಟ ದುಡ್ಡು ವಾಪಸ್ ಬರುತ್ತದೆ, ಅದೂ ಮಾರುವಾಗ ಅಂಗಡಿಯವರು ಏನೂ ಕಡಿತ ಮಾಡದಿದ್ದರೆ. ಅದೇ ದುಡ್ಡಿಗೆ, ಅದೇ ಮಜೂರಿಯಲ್ಲಿ 22 ಕ್ಯಾರೆಟ್ ತೆಗೆದರೆ ತೂಕ ಮೂರೂವರೆ ಗ್ರಾಂ ಚಿಲ್ಲರೆ, ಒಳಗಿನ ಅಪ್ಪಟ ಚಿನ್ನ ಮಾತ್ರ ಸುಮಾರು 3.3 ಗ್ರಾಂ. ಕೈಗೆ ಹಗುರ, ಆದರೆ ಚಿನ್ನ ಜಾಸ್ತಿ.

"ಹಾಗಾದ್ರೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಮಾಡ್ಲಾ?" ಅಂದರು, ಆದರೆ ಮುಖ ಸಪ್ಪೆ. ಯಾಕೆ ಅಂತ ಕೇಳಿದೆ. ಆಗ ನಿಜವಾದ ವಿಷಯ ಬಂತು. ಗಂಡ ಕಳಿಸುವ ದುಡ್ಡಿಗೆ ಪ್ರತಿ ತಿಂಗಳೂ ಲೆಕ್ಕ ಕೊಡಬೇಕು. ಜೂನ್‌ನಲ್ಲಿ ಶಾಲೆ ಫೀಸಿಗೆ ಕಡಿಮೆ ಬಿದ್ದಾಗ ತವರಿನ ಬಳೆ ಅಡವಿಟ್ಟು, ಯಾರನ್ನೂ ಕೇಳದೆ ಸುಧಾರಿಸಿಕೊಂಡಿದ್ದಾರೆ. ಆ ಬಳೆಯ ಧೈರ್ಯ ಪಾಸ್‌ಬುಕ್ಕಿನಲ್ಲಿ ಸಿಗುವುದಿಲ್ಲ ಅನ್ನುವುದು ಅವರ ಮಾತು. ನಮ್ಮ ಕರಾವಳಿಯಲ್ಲಿ ಎಷ್ಟೋ ಹೆಂಗಸರಿಗೆ ತಮ್ಮದು ಅಂತ ಇರುವುದು ಇದೊಂದೇ, ಅದನ್ನು ಹಳೇ ಕಾಲದ ಯೋಚನೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅಡವಿಡುವುದಕ್ಕೇ ಚಿನ್ನ ಬೇಕು ಅಂದಮೇಲೆ ಸಲಹೆಯೂ ಅದಕ್ಕೆ ತಕ್ಕ ಹಾಗೆ ಇರಬೇಕು ಅಲ್ವಾ? ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕಡಿಮೆ ಕ್ಯಾರೆಟ್ ಆಭರಣವನ್ನು 22 ಕ್ಯಾರೆಟ್‌ನ ತೂಕಕ್ಕೆ ಇಳಿಸಿ ಬೆಲೆ ಕಟ್ಟುತ್ತಾರೆ. ಅಂದರೆ ಆ ಒಂದು ಪವನ್ ಚೈನು ಅಲ್ಲಿ ಮೂರೂಕಾಲು ಗ್ರಾಂ ಲೆಕ್ಕ. ಚಿನ್ನದ ಬಿಸ್ಕತ್ತಿನ ಮೇಲೆ, ಷೇರಿನ ಹಾಗೆ ಕೊಂಡು ಮಾರುವ ಗೋಲ್ಡ್ ಇಟಿಎಫ್ (ಚಿನ್ನದ ಫಂಡ್) ಮೇಲೆ ಬ್ಯಾಂಕಿನ ಚಿನ್ನದ ಸಾಲ ಸಿಗುವುದೇ ಇಲ್ಲ. ಮಾರುವ ಉದ್ದೇಶ ಇರುವವರಿಗೆ ಇಟಿಎಫ್ ಒಳ್ಳೆಯದು, ಮಜೂರಿಯ ಗೋಳಿಲ್ಲ. ಆದರೆ ಅಕ್ಕನಿಗೆ ಅದು ಹೊಂದುವುದಿಲ್ಲ.

ಹಾಗಾಗಿ ನಾನು ಹೇಳಿದ್ದು ಇಷ್ಟು. ಆರ್‌ಡಿ ನಿಮ್ಮೊಬ್ಬರ ಹೆಸರಿನಲ್ಲೇ ಮಾಡಿ, ಅದು ಮುಗಿದಾಗ ಕಲ್ಲು, ಕೆತ್ತನೆ ಯಾವುದೂ ಇಲ್ಲದ 22 ಕ್ಯಾರೆಟ್ ಬಳೆಯೋ ಉಂಗುರವೋ ತಗೊಳ್ಳಿ, ಮಜೂರಿಗೆ ಚೌಕಾಸಿ ಮಾಡಿ, ಸುಮ್ನೆ ನಾಚಿಕೊಳ್ಳಬೇಡಿ. 22 ಕ್ಯಾರೆಟ್‌ನ 916 ಗುರುತಿನ ಪಕ್ಕ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇರುತ್ತದೆ, ಅದನ್ನು ಹಾಲ್‌ಮಾರ್ಕ್ ನೋಡಿಕೊಳ್ಳುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದ ಮೇಲೇ ದುಡ್ಡು ಕೊಡಿ. ಅಂಗಡಿಯ ತಿಂಗಳ ಚೀಟಿಗೆ ಸೇರಬೇಡಿ, ಅದಕ್ಕೆ ಬ್ಯಾಂಕ್ ಠೇವಣಿಗಿರುವ ವಿಮೆ ಇಲ್ಲ.

ಮಗಳಿಗೆ ದಿನಾ ಹಾಕಲು ಒಂಬತ್ತು ಕ್ಯಾರೆಟ್ ಓಲೆ ಬೇಕಂತೆ. ಧಾರಾಳ ತಗೊಳ್ಳಿ ಅಂದೆ. ಗಟ್ಟಿ ಇರುತ್ತದೆ, ಕಳೆದರೂ ಎದೆ ಒಡೆಯುವುದಿಲ್ಲ. ತಾಮ್ರ ಜಾಸ್ತಿ ಇರುವುದರಿಂದ ನಮ್ಮ ಸೆಕೆ, ಬೆವರು, ಉಪ್ಪುಗಾಳಿಗೆ ಕಪ್ಪಾಗಬಹುದು, ಆಗಾಗ ಒರೆಸಬೇಕು. ಅದನ್ನು ಉಳಿತಾಯದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ ಅಂದೆ.

ಹೊರಡುವಾಗ ಅಕ್ಕ ಲೆಕ್ಕದ ಹಾಳೆಯ ಫೋಟೋ ತೆಗೆದು ಗಂಡನಿಗೆ ಕಳಿಸಿದರು. ಬಿಲ್ಲು ಯಾರ ಹೆಸರಿಗೆ ಮಾಡಿಸಲಿ ಅಂತ ಕೇಳಿದರು. ನಿಮ್ಮ ಹೆಸರಿಗೇ ಅಂದೆ, ಬಿಲ್ಲನ್ನು ಅಡವಿನ ಚೀಟಿಗಳ ಜೊತೆ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದೆ.