ಕೊಂಡ ಬೆಲೆಯನ್ನಲ್ಲ, ಪಟ್ಟಿಯ ಸ್ಥಾನವನ್ನು ನೋಡಿ ಮಾರಿ

ಮಾನ್ಯ ಓದುಗರೇ,

ಹಿಂದಿನ ಒಂದು ವರ್ಷದ ಬೆಲೆಯೇರಿಕೆಯ ಆಧಾರದಲ್ಲಿ ಪ್ರತಿ ತಿಂಗಳೂ 500 ಕಂಪನಿಗಳ ಶ್ರೇಯಾಂಕ ಪಟ್ಟಿ ಮಾಡಿ, ಮೊದಲ 20 ಷೇರುಗಳನ್ನಷ್ಟೇ ಇಟ್ಟುಕೊಳ್ಳುವುದು ನಿಮ್ಮ ಪದ್ಧತಿ ಎಂದು ಬರೆದಿದ್ದೀರಿ. 18ನೇ ಸ್ಥಾನದಲ್ಲಿದ್ದಾಗ ಕೊಂಡ ಷೇರು 23ಕ್ಕೆ ಇಳಿಯಿತೆಂದು ಮಾರಿ, ಮರುತಿಂಗಳು 17ಕ್ಕೆ ಏರಿತೆಂದು ಹೆಚ್ಚು ಬೆಲೆ ಕೊಟ್ಟು ಮತ್ತೆ ಕೊಂಡಿದ್ದೀರಿ. ಈಗ ನಿಮ್ಮ ಬಳಿಯಿರುವ ಒಂದು ಷೇರು ಕೊಂಡ ಬೆಲೆಯ ಎರಡರಷ್ಟಾಗಿ 6ನೇ ಸ್ಥಾನದಲ್ಲಿದೆ. ಇನ್ನೊಂದು ಶೇ 15ರಷ್ಟು ನಷ್ಟದಲ್ಲಿದ್ದು 64ಕ್ಕೆ ಕುಸಿದಿದೆ. ಮೊದಲನೆಯದರ ಲಾಭವನ್ನು ಕೈಗೆ ತೆಗೆದುಕೊಂಡು, ಎರಡನೆಯದು ಚೇತರಿಸಿಕೊಳ್ಳುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ.

ಹಾಗೆ ಮಾಡಬೇಡಿ ಎಂದೇ ನಮ್ಮ ಸ್ಪಷ್ಟ ಸಲಹೆ. ನೀವು ಯಾವ ಬೆಲೆಗೆ ಕೊಂಡಿರಿ ಎಂಬುದು ಪಟ್ಟಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಕೊಂಡ ಬೆಲೆಯನ್ನು ನೋಡಿ ಮಾರಲು ಹೊರಟ ಕ್ಷಣವೇ ನಿಮ್ಮ ಪದ್ಧತಿಯೊಳಗೆ ಯಾರೂ ಪರೀಕ್ಷಿಸದ ಎರಡನೆಯ ಪದ್ಧತಿಯೊಂದು ಸೇರಿಕೊಳ್ಳುತ್ತದೆ. ಅಮೆರಿಕದ ಬ್ರೋಕರ್ ಸಂಸ್ಥೆಯೊಂದರ 10,000 ಖಾತೆಗಳನ್ನು ಅಭ್ಯಸಿಸಿ ಟೆರನ್ಸ್ ಓಡಿಯನ್ 1998ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ನೆನಪಾಗುತ್ತದೆ. ಆ ಹೂಡಿಕೆದಾರರು ಲಾಭದ ಷೇರುಗಳನ್ನು ಬೇಗ ಮಾರಿ ನಷ್ಟದವನ್ನು ಹಿಡಿದಿಟ್ಟುಕೊಂಡಿದ್ದರು. ಮಾರಿದ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದವು. ಎರಡರಷ್ಟಾದ ಷೇರು ನಿಮ್ಮ ಒಟ್ಟು ಹೂಡಿಕೆಯಲ್ಲಿ ತೀರಾ ದೊಡ್ಡ ಪಾಲಾಗಿದ್ದರೆ ಸ್ವಲ್ಪ ಮಾರಿ ಪಾಲನ್ನು ತಗ್ಗಿಸಬಹುದು, ಆದರೆ ಅದು ಬೇರೆಯೇ ನಿರ್ಧಾರ.

ನಿಮ್ಮ ನಿಜವಾದ ತೊಂದರೆ ಇರುವುದು 18, 23, 17ರ ಆ ಓಡಾಟದಲ್ಲಿ. ಸ್ಥಾನವು ಕ್ರಮವನ್ನು ಹೇಳುತ್ತದೆಯೇ ಹೊರತು ಅಂತರವನ್ನಲ್ಲ. ಪಟ್ಟಿಯ ತುತ್ತತುದಿಯಲ್ಲಿ ಅಂಕಗಳು, ಅಂದರೆ ಷೇರುಗಳ ಒಂದು ವರ್ಷದ ಏರಿಕೆಯ ಪ್ರಮಾಣಗಳು, ದೂರದೂರ ಇರುತ್ತವೆ, ನಡುಭಾಗದತ್ತ ಇಳಿದಂತೆ ಒತ್ತೊತ್ತಾಗುತ್ತವೆ. ಹಾಗಾಗಿ 18 ಮತ್ತು 23ರ ನಡುವೆ ಒಂದೆರಡು ದಿನದ ಬೆಲೆಯ ಏರಿಳಿತದಷ್ಟೇ ವ್ಯತ್ಯಾಸ ಇದ್ದೀತು. ಬೇರೆ ಐದು ಷೇರುಗಳು ತುಸು ಏರಿದರೂ ಸಾಕು, ತನ್ನ ಬೆಲೆ ಕದಲದಿದ್ದರೂ ನಿಮ್ಮ ಷೇರು ಕೆಳಗಿಳಿಯುತ್ತದೆ.

ಆದುದರಿಂದ ಕೊಳ್ಳುವ ಗೆರೆ ಮತ್ತು ಮಾರುವ ಗೆರೆ ಬೇರೆಬೇರೆಯಾಗಿರಬೇಕು. ಸೂಚ್ಯಂಕ ರೂಪಿಸುವವರೂ ಹೀಗೆಯೇ ಮಾಡುತ್ತಾರೆ: ಮಾರುಕಟ್ಟೆ ಮೌಲ್ಯದ ಪಟ್ಟಿಯಲ್ಲಿ 90ನೇ ಸ್ಥಾನ ಅಥವಾ ಅದಕ್ಕಿಂತ ಮೇಲೆ ಬಂದ ಕಂಪನಿ ಲಂಡನ್ನಿನ ಎಫ್‌ಟಿಎಸ್‌ಇ 100 ಸೂಚ್ಯಂಕಕ್ಕೆ ಸೇರುತ್ತದೆ, ಒಳಗಿರುವ ಕಂಪನಿ 111 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಮಾತ್ರ ಹೊರಬೀಳುತ್ತದೆ. ನೀವು 20ರೊಳಗೆ ಕೊಂಡು, 40ನ್ನು ದಾಟಿದಾಗ ಮಾರಿ ನೋಡಿ. ಮಾರಿ ಕೊಳ್ಳುವ ಒಂದು ಬದಲಾವಣೆಗೆ ಬ್ರೋಕರೇಜ್, ಶುಲ್ಕ, ಬೆಲೆಯಂತರ (ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ವ್ಯತ್ಯಾಸ) ಎಲ್ಲವೂ ಸೇರಿ ಆ ಮೊತ್ತದ ಶೇ 0.6 ತಗಲುತ್ತದೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 8 ಷೇರು ಬದಲಾದರೆ ವರ್ಷಕ್ಕೆ 96 ಬದಲಾವಣೆಗಳಾಗಿ ಇಡೀ ಹೂಡಿಕೆ 4.8 ಸಲ ಕೈಬದಲಾಗುತ್ತದೆ, ಖರ್ಚು ಶೇ 2.9ರ ಹತ್ತಿರ ಬರುತ್ತದೆ. ತಿಂಗಳಿಗೆ 3 ಮಾತ್ರ ಬದಲಾದರೆ ಅದು ಶೇ 1.1ಕ್ಕೆ ಇಳಿಯುತ್ತದೆ. ತೆರಿಗೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಹಾಗೆಂದು ಮಾರುವ ಗೆರೆಯನ್ನು 150ಕ್ಕೋ 200ಕ್ಕೋ ಒಯ್ಯಬೇಡಿ. ಹಣಕಾಸು ಸಂಶೋಧಕರಾದ ನರಸಿಂಹನ್ ಜಗದೀಶ್ ಮತ್ತು ಶೆರಿಡನ್ ಟಿಟ್ಮನ್ 1993ರಲ್ಲಿ ತೋರಿಸಿದಂತೆ, ಹಿಂದಿನ 3ರಿಂದ 12 ತಿಂಗಳಲ್ಲಿ ಚೆನ್ನಾಗಿ ಏರಿದ ಷೇರುಗಳ ಮುನ್ನಡೆ ಮುಂದಿನ ಒಂದು ವರ್ಷದವರೆಗೆ ಉಳಿದು, ಅದರ ಒಂದು ಭಾಗ ನಂತರದ ಎರಡು ವರ್ಷಗಳಲ್ಲಿ ಕರಗಿಹೋಗುತ್ತದೆ. ಬೆಲೆಯ ಓಟವನ್ನು ನೆಚ್ಚಿ ಕೊಂಡವರಿಗೆ ಓಟ ನಿಂತ ಮೇಲೆ ಇಟ್ಟುಕೊಳ್ಳಲು ಕಾರಣವಿರುವುದಿಲ್ಲ. ಅದಕ್ಕಾಗಿಯೇ 64ನೇ ಸ್ಥಾನದ ಷೇರನ್ನು ಮಾರಬೇಕು, ನಷ್ಟದಲ್ಲಿದೆ ಎಂಬ ಕಾರಣಕ್ಕಲ್ಲ. ಆದಾಯಕ್ಕೆ ಹೋಲಿಸಿ ಅಗ್ಗವಾದ ಷೇರುಗಳ ಪಟ್ಟಿ ನಿಮ್ಮದಾಗಿದ್ದರೆ ಸ್ಥಾನಗಳು ನಿಧಾನವಾಗಿ ಬದಲಾಗುವುದರಿಂದ, ವರ್ಷಕ್ಕೊಮ್ಮೆ ಪರಿಶೀಲಿಸಿದರೂ ನಡೆಯುತ್ತಿತ್ತು.

ಪಟ್ಟಿಯನ್ನು ಮೀರಿ ಮಾರಬೇಕಾದ ಸಂದರ್ಭ ನಮ್ಮ ಲೆಕ್ಕದಲ್ಲಿ ಒಂದೇ: ಪಟ್ಟಿ ಅಳೆಯುತ್ತಿರುವುದೇ ಅರ್ಥ ಕಳೆದುಕೊಂಡಾಗ. ಕಂಪನಿಯನ್ನು ನಿಗದಿತ ಬೆಲೆಗೆ ಕೊಳ್ಳುವುದಾಗಿ ಇನ್ನೊಂದು ಕಂಪನಿ ಘೋಷಿಸಿದರೆ ಷೇರು ಒಮ್ಮೆಲೇ ನೆಗೆದು ಆ ಬೆಲೆಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹಳೆಯ ನೆಗೆತದ ಬಲದಿಂದ ಅದು ತಿಂಗಳುಗಟ್ಟಲೆ ಮೊದಲ ಹತ್ತರಲ್ಲಿ ಉಳಿಯಬಹುದು, ಆದರೆ ಮುಂದೆ ಏರಲು ಹೆಚ್ಚೇನೂ ಜಾಗವಿರುವುದಿಲ್ಲ, ಒಪ್ಪಂದ ಮುರಿದರೆ ಬೀಳುವ ಆಳ ಮಾತ್ರ ದೊಡ್ಡದಿರುತ್ತದೆ. ಅಂಥದ್ದನ್ನು ತಿಂಗಳ ಕೊನೆಗೆ ಕಾಯದೆ ಮಾರಿಬಿಡಿ.

— ಸಂಪಾದಕ