ಚೈನೀಸ್ ಆಯ್ಸ್ಟರ್ ಆಮ್ಲೆಟ್ ಮನೆಯಲ್ಲಿ ಮಾಡಿದರೆ ಗಂಜಿಯ ಹಾಗೆ ಆಗುತ್ತದೆ. ಎಷ್ಟು ಮೊಟ್ಟೆ ಹಾಕಬೇಕು?

ಮೊಟ್ಟೆಯ ಲೆಕ್ಕ ಬಿಡಿ, ತೊಂದರೆ ಅಲ್ಲಿಲ್ಲ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಸಿಂಗಾಪುರದ ನನ್ನ ಅಡುಗೆಮನೆ ಕಣ್ಣ ಮುಂದೆ ಬಂತು.

ಅಲ್ಲಿ ನಮ್ಮ ಎದುರುಮನೆಯ ಆಂಟಿ ತಿಯೋಚ್ಯೂ ಮನೆತನದವರು. ಹಿರಿಯರು ಚೀನಾದ ಚಾವೋಝೌ ಕಡೆಯಿಂದ ಬಂದವರು. ಈ ತಿಂಡಿಗೆ ಅವರು ಓ-ಲುವಾ ಅನ್ನುತ್ತಾರೆ. ಆಂಟಿ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾದಾಗ, ಹೊರಡುವ ಮೊದಲು ಒಮ್ಮೆ ನಾನೇ ಮಾಡಿ ಬಡಿಸಬೇಕು ಅನಿಸಿತು. ಬೆಳಿಗ್ಗೆಯೇ ಮಾರ್ಕೆಟ್‌ಗೆ ಹೋಗಿ ಚಿಪ್ಪು ಬಿಡಿಸಿದ ಸಿಂಪಿ, ಅಂದರೆ ಆಯ್ಸ್ಟರ್, ಅರ್ಧ ಕಿಲೋ ತಂದೆ. ಗೆಣಸಿನ ಸ್ಟಾರ್ಚನ್ನು ನೀರಲ್ಲಿ ಕಲಸಿ ಮುಚ್ಚಿಟ್ಟೆ. ಎಡವಿದ್ದು ಅಲ್ಲೇ.

ನನ್ನ ಕೈ ದೋಸೆ ಹಿಟ್ಟಿಗೆ ಪಳಗಿದ್ದು. ಹಿಟ್ಟು ಕೂತಷ್ಟೂ ಒಳ್ಳೆಯದು ಅಂದುಕೊಂಡೆ. ಆದರೆ ಸ್ಟಾರ್ಚ್ ತಣ್ಣೀರಿನಲ್ಲಿ ಕರಗುವುದೇ ಇಲ್ಲ. ಕಲಕಿದಾಗ ಹಾಲಿನ ಹಾಗೆ ಕಾಣುತ್ತದೆ, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲಾ ತಳಕ್ಕಿಳಿದು ಸುಣ್ಣದಂತೆ ಗಟ್ಟಿಯಾಗುತ್ತದೆ, ಮೇಲೆ ಬರೀ ನೀರು. ನಾನು ಸೌಟಲ್ಲಿ ಆ ನೀರನ್ನೇ ಎತ್ತಿ ಬಾಣಲೆಗೆ ಹಾಕಿದೆ. ಮೊದಲನೆಯದು ಹಿಡಿದುಕೊಳ್ಳಲೇ ಇಲ್ಲ. ಉರಿ ಸಾಲದೇನೋ ಅಂತ ಜಾಸ್ತಿ ಮಾಡಿದೆ, ಸಿಂಪಿ ಸುರುಟಿ ರಬ್ಬರ್ ಆಯಿತು. ನಿಮ್ಮ ಹಾಗೆಯೇ ತೊಂದರೆ ಮೊಟ್ಟೆಯದ್ದು ಅಂದುಕೊಂಡು ಎರಡನೆಯದಕ್ಕೆ ಇನ್ನೆರಡು ಒಡೆದೆ. ಕೊನೆಗೆ ಬಟ್ಟಲಲ್ಲಿ ಉಳಿದದ್ದು ಸ್ಟಾರ್ಚ್ ಮಾತ್ರ. ಅದರಲ್ಲಿ ಸ್ವಲ್ಪ ತೆಗೆದು ಹಾಕಿದೆ, ಬಾಣಲೆಗೆ ಗೋಂದಿನಂತೆ ಅಂಟಿತು. ಆಂಟಿ ಒಳಗೆ ಬಂದು ಬಟ್ಟಲಿಗೆ ಚಮಚ ಹಾಕಿದರು, ಅದು ತಳದಲ್ಲಿ ನಾಟಿಕೊಂಡಿತು. ಬೈಯಲಿಲ್ಲ. ತಳದಿಂದ ಕಲಕಿ ತೋರಿಸಿದರು. ಆದರೆ ಸಿಂಪಿ ಮುಗಿದಿತ್ತು. ಅವರಿಗೆ ಅನ್ನ, ಸಾರು ಬಡಿಸಿ ಕಳಿಸಿದ್ದು ಇವತ್ತಿಗೂ ನೋವು.

ಆದ್ದರಿಂದ ಪ್ರತಿ ಸಲ ಹುಯ್ಯುವ ಗಳಿಗೆಯಲ್ಲೇ ತಳ ಕೆರೆದು ಕಲಕಿ. ಒಬ್ಬರಿಗೆ 4 ದೊಡ್ಡ ಚಮಚ ಸ್ಟಾರ್ಚ್, ಅದೇ ಚಮಚದಲ್ಲಿ 8 ನೀರು, 2 ಮೊಟ್ಟೆ, 8-10 ಸಣ್ಣ ಸಿಂಪಿ ಸಾಕು. ಸಿಂಪಿಯನ್ನು ಒಂದು ಹಿಡಿ ಸ್ಟಾರ್ಚ್ ಹಾಕಿ ಮೆಲ್ಲಗೆ ತೊಳೆಯಿರಿ, ಕೊಳೆ ಬಿಡುತ್ತದೆ. ಆಮೇಲೆ ನೀರು ಪೂರ್ತಿ ಬಸಿಯಿರಿ. ಕಾರ್ನ್‌ಫ್ಲೋರ್ ಬೇಡವೇ ಬೇಡ. ಬೆಂದ ಸಬ್ಬಕ್ಕಿ ಗಾಜಿನ ಹಾಗಾಗಿ ಜಗ್ಗುತ್ತದಲ್ವಾ, ಆ ಗುಣ ಬೇಕು. ಗೆಣಸಿನ ಸ್ಟಾರ್ಚ್ ಸಿಗದಿದ್ದರೆ ಮರಗೆಣಸಿನದ್ದು ತನ್ನಿ.

ಹಂದಿ ಕೊಬ್ಬು ಹಾಕಿದರೇ ಅಸಲಿ ರುಚಿ. ಇಲ್ಲದಿದ್ದರೆ ಎಣ್ಣೆ, ಆದರೆ ಜಿಪುಣತನ ಬೇಡ. ಚೆನ್ನಾಗಿ ಕಾದ ಮೇಲೆ ಮೊದಲು ಸ್ಟಾರ್ಚ್ ಹುಯ್ಯಿರಿ. ಬಿಳಿ ಹೋಗಿ ಅಂಚು ಗರಿಯಾದಾಗ ಅದರ ಮೇಲೆ ಕದಡಿದ ಮೊಟ್ಟೆ. ಸಟ್ಟುಗದಲ್ಲಿ ತುಂಡು ಮಾಡಿ ಬದಿಗೆ ತಳ್ಳಿ, ಖಾಲಿ ಜಾಗಕ್ಕೆ ಸಿಂಪಿ ಮತ್ತು ಸ್ವಲ್ಪ ಫಿಶ್ ಸಾಸ್ (ಉಪ್ಪು ಹಾಕಿ ಹುದುಗಿಸಿದ ಮೀನಿನ ರಸ). ಸಿಂಪಿಯ ಅಂಚು ಮುದುಡಿ, ಮೈ ತುಂಬಿಕೊಂಡರೆ ಇಳಿಸಿ.

ಆಮ್ಲೆಟ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಇದು ಸ್ಟಾರ್ಚಿನ ತಿಂಡಿ, ಮೊಟ್ಟೆ ಜೊತೆಗಾರ. ಹೊರಗೆ ಗರಿಗರಿ, ನಡುವೆ ಸ್ವಲ್ಪ ಜಿಗುಟು ಇರಲೇಬೇಕು. ಅದನ್ನೂ ಒಣಗಿಸಲು ಹೋಗಬೇಡಿ. ನಂಚಿಕೊಳ್ಳಲು ಚಾವೋಝೌನಲ್ಲಿ ಫಿಶ್ ಸಾಸ್, ಸಿಂಗಾಪುರದಲ್ಲಿ ಹುಳಿ ಬೆರೆಸಿದ ಮೆಣಸಿನಕಾಯಿ ಚಟ್ನಿ. ತೈವಾನ್‌ನವರು ಮೇಲೆ ಸುರಿಯುವ ಸಿಹಿ ಸಾಸ್ ನನಗೆ ಸೇರುವುದಿಲ್ಲ, ಸಿಂಪಿಯ ಸಮುದ್ರದ ರುಚಿಯನ್ನು ಅದು ಮುಚ್ಚಿಬಿಡುತ್ತದೆ.